ಬಿಟ್ಟು ಬಂದವರಿಗೂ ಜಾಗವಿರುವ ಆಟ: ಐವರು ಗೆಳೆಯರು ಒಂದು ಎಂಎಂಒ ಆರಿಸಿಕೊಂಡ ಪ್ರಕರಣ

ಹಿನ್ನೆಲೆ

ಒಂದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಐವರು ಗೆಳೆಯರು 2022ರ ನಡುಭಾಗದಲ್ಲಿ, ಮುಂದಿನ ಹಲವು ವರ್ಷ ಜೊತೆಯಾಗಿ ಆಡಬಹುದಾದ ಒಂದು ಎಂಎಂಒಆರ್‌ಪಿಜಿಯನ್ನು ಹುಡುಕಲು ಹೊರಟರು. ಸಾವಿರಾರು ಜನ ಒಂದೇ ಲೋಕದಲ್ಲಿ ತಮ್ಮ ತಮ್ಮ ಪಾತ್ರಗಳಾಗಿ ಸೇರಿ ಆಡುವ, ಆಡುವವರು ಎದ್ದು ಹೋದ ಮೇಲೂ ನಡೆಯುತ್ತಲೇ ಇರುವ ಆನ್‌ಲೈನ್ ಆಟಗಳಿಗೆ ಈ ಹೆಸರು. ಬಳಕೆಯಲ್ಲಿ ಎಂಎಂಒ ಎಂದರೆ ಸಾಕು. ಈ ಹುಡುಕಾಟದಲ್ಲಿ ನಾನು ಸಲಹೆ ಕೊಡುವವನಾಗಿ ಅವರ ಜೊತೆಗಿದ್ದೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಊರು ಮತ್ತು ಉದ್ಯೋಗದ ಕೆಲವು ವಿವರಗಳನ್ನು ಬದಲಿಸಿ, ಇಂಥದೇ ಆಯ್ಕೆಯ ಮುಂದಿರುವ ಬೇರೆ ಗುಂಪುಗಳಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಐವರ ಪರಿಸ್ಥಿತಿ ಒಂದಕ್ಕೊಂದು ಹೊಂದುವಂತಿರಲಿಲ್ಲ. ಒಬ್ಬರು ಮ್ಯೂನಿಕ್‌ನಲ್ಲಿದ್ದರು, ಒಂಟಿ ಜೀವನ, ಒಳ್ಳೆಯ ಕಂಪ್ಯೂಟರ್, ಸಂಜೆಗಳೆಲ್ಲ ಬಿಡುವು. ಬೆಂಗಳೂರಿನ ಇಬ್ಬರಲ್ಲಿ ಒಬ್ಬರಿಗೆ ಎದುರಾಳಿ ಮನುಷ್ಯನೇ ಆಗಿದ್ದರೆ ಮಾತ್ರ ಆಟ ರುಚಿಸುತ್ತಿತ್ತು. ಇನ್ನೊಬ್ಬರದು ಪಾಳಿಯ ಕೆಲಸವಾದ್ದರಿಂದ ಯಾವ ವಾರ ಯಾವ ರಾತ್ರಿ ಸಿಗುತ್ತಾರೆಂದು ಹೇಳುವಂತಿರಲಿಲ್ಲ. ಮೈಸೂರಿನ ಗೆಳತಿಗೆ ಕೈಗೂಸಿತ್ತು. ಐದನೆಯವರು ತೀರ್ಥಹಳ್ಳಿ ಕಡೆಯಲ್ಲಿ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅವರ ಇಂಟರ್ನೆಟ್ಟೂ ಹೋಗುತ್ತಿತ್ತು. ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವ ಕೆಲಸ) ಶುರುವಾದರೆ ಕೊನೆಗಾರ ಸಿಕ್ಕ ದಿನವೇ ಕೊಯ್ಲು, ಅಂದು ಸಂಜೆಯಿಂದಲೇ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ತಿಂಗಳುಗಟ್ಟಲೆ ಅವರು ಯಾರ ಕೈಗೂ ಸಿಗುತ್ತಿರಲಿಲ್ಲ.

ಸಮಸ್ಯೆ

ಅದಕ್ಕೂ ಮುಂಚೆ ಅವರು ಎರಡು ಆಟಗಳನ್ನು ಹಿಡಿದು ಬಿಟ್ಟಿದ್ದರು. ಎರಡೂ ಬಾರಿ ನಡೆದದ್ದು ಒಂದೇ. ಮೊದಲ ವಾರ ಐವರೂ ಒಟ್ಟಿಗಿರುತ್ತಾರೆ. ಮೂರನೆಯ ವಾರದ ಹೊತ್ತಿಗೆ ಮ್ಯೂನಿಕ್‌ನ ಗೆಳೆಯ ಲೆವೆಲ್‌ನಲ್ಲಿ ದುಪ್ಪಟ್ಟು ಮುಂದಿರುತ್ತಾರೆ. ಉಳಿದವರು ಅವರನ್ನು ಮುಟ್ಟಲು ಪ್ರಯತ್ನಿಸಿ ಸುಸ್ತಾಗುತ್ತಾರೆ. ತೋಟದ ಗೆಳೆಯ ಒಂದು ತಿಂಗಳು ಬಿಟ್ಟು ಬಂದಾಗ ಅವರ ಜೊತೆ ಆಡಲು ಯಾರೂ ಇರುವುದಿಲ್ಲ. ಆಟ ಚೆನ್ನಾಗಿಲ್ಲವೆಂದು ಐವರಲ್ಲಿ ಒಬ್ಬರೂ ಹೇಳಿರಲಿಲ್ಲ. ಆದರೂ ಅವರು ಪರಿಹಾರವೆಂದು ಹುಡುಕಿದ್ದು ಇನ್ನೂ ಚೆನ್ನಾಗಿರುವ ಆಟವನ್ನೇ.

ನನ್ನ ಬಳಿ ಬಂದಾಗ ಅವರ ಹತ್ತಿರ ಒಂದು ದೊಡ್ಡ ಎಕ್ಸೆಲ್ ಪಟ್ಟಿ ಇತ್ತು. ಗ್ರಾಫಿಕ್ಸ್, ಪಾತ್ರಗಳ ಬಗೆಗಳು, ರೇಡ್‌ಗಳು (ಹಲವರು ಸೇರಿ ದೊಡ್ಡ ಶತ್ರುವನ್ನು ಎದುರಿಸುವ ಕಾಳಗಗಳು), ಆಡುತ್ತಿರುವವರ ಸಂಖ್ಯೆ, ಹೊಸ ಭಾಗಗಳು ಎಷ್ಟು ಬೇಗ ಬರುತ್ತವೆ ಎಂಬುದಕ್ಕೆಲ್ಲ ಅಂಕಗಳನ್ನು ಕೊಟ್ಟು ಕೂಡಿಸಿದ್ದರು. 2004ರಿಂದ ನಡೆಯುತ್ತಿರುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಸಹಜವಾಗಿಯೇ ಮೊದಲ ಸ್ಥಾನದಲ್ಲಿತ್ತು. ಅದನ್ನೇ ಆಡೋಣವೆಂದು ಮೂವರು ಒಪ್ಪಿದ್ದರು ಕೂಡ.

ಈ ಪಟ್ಟಿಯ ಮೇಲಿನ ಚರ್ಚೆ ನಡೆಯುತ್ತಿದ್ದಾಗ ಮೈಸೂರಿನ ಗೆಳತಿ ಕೇಳಿದ ಒಂದು ಪ್ರಶ್ನೆ ಮಾತಿನ ದಿಕ್ಕನ್ನು ಬದಲಿಸಿತು: "ಮೂರು ತಿಂಗಳು ನಾನು ಈ ಕಡೆ ತಲೆನೇ ಹಾಕಲಿಲ್ಲ ಅಂದ್ಕೊಳ್ಳಿ. ವಾಪಸ್ ಬಂದ ದಿನ ರಾತ್ರೀನೇ ನಿಮ್ ಜೊತೆ ಆಡೋಕಾಗತ್ತಾ, ಇಲ್ವಾ? ಅದನ್ನ ಹೇಳ್ರೋ ಮೊದ್ಲು." ಪಟ್ಟಿಯಲ್ಲಿ ಇದಕ್ಕೆ ಉತ್ತರ ಕೊಡುವ ಕಾಲಂ ಒಂದೂ ಇರಲಿಲ್ಲ. ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವಾದ ಘಳಿಗೆ ಇದೇ ಎಂದು ನಾನು ಭಾವಿಸುತ್ತೇನೆ. ಒಂದು ಆಟ ಎಷ್ಟು ವರ್ಷ ಹಿಡಿದಿಡುತ್ತದೆ ಎಂಬುದನ್ನು ಅದರಲ್ಲಿ ಏನೇನಿದೆ ಎಂದು ಎಣಿಸಿ ತಿಳಿಯಲಾಗದು; ಬಿಟ್ಟು ಹೋದವರು ಮರಳಿ ಬಂದಾಗ ಅದು ಅವರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ನೋಡಬೇಕು. ಏಕೆಂದರೆ ಐದು ವರ್ಷ ಆಡುವ ಯಾರೇ ಆದರೂ ನಡುವೆ ಹಲವು ಸಲ ಬಿಟ್ಟೇ ಬಿಡುತ್ತಾರೆ. ಮದುವೆ, ಮಗು, ಊರು ಬದಲಾವಣೆ, ಕೊಯ್ಲು ಯಾವುದೂ ಆಟವನ್ನು ಕೇಳಿಕೊಂಡು ಬರುವುದಿಲ್ಲ.

ಹೊಸ ಅಳತೆ, ಹಳೆಯ ಆಟಗಳು

ಪಟ್ಟಿಯನ್ನು ಬದಿಗಿಟ್ಟು, ಬಿಟ್ಟು ಬಂದವರ ಕಣ್ಣಿನಿಂದ ಒಂದೊಂದೇ ಆಟವನ್ನು ನೋಡಿದೆವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಪ್ರತಿ ಎಕ್ಸ್‌ಪಾನ್ಷನ್‌ಗೂ (ಆಟಕ್ಕೆ ಸೇರುವ ದೊಡ್ಡ ಹೊಸ ಭಾಗ) ಲೆವೆಲ್‌ನ ಮಿತಿ ಏರುತ್ತಾ ಬಂದು, 2020ರಲ್ಲಿ 120ನ್ನು 50ಕ್ಕೆ ಇಳಿಸಿ ಹೊಸದಾಗಿ ಎಣಿಸಬೇಕಾಯಿತು. ಒಂದು ಸೀಸನ್‌ನ (ಕೆಲವು ತಿಂಗಳ ಸುತ್ತಿನ) ಗೇರ್, ಅಂದರೆ ಪಾತ್ರ ತೊಡುವ ಆಯುಧ ಮತ್ತು ಕವಚ, ಮುಂದಿನ ಸೀಸನ್‌ಗೆ ಹಳತಾಗುತ್ತದೆ. ಸೀಸನ್ ಶುರುವಾಗುವಾಗಲೇ ಮರಳುವವರಿಗೆ ಇದರಿಂದ ಅನುಕೂಲವೇ ಆಗುತ್ತದೆ, ಎಲ್ಲರೂ ಒಂದೇ ಗೆರೆಯಿಂದ ಹೊರಡುತ್ತಾರೆ. ನಡುವೆ ಬರುವವರು ಮಾತ್ರ ಹೊರಟ ಬಸ್ಸಿನ ಹಿಂದೆ ಓಡುವವರಂತಾಗುತ್ತಾರೆ. ಮೇಲಾಗಿ ಇದು ತಿಂಗಳ ಚಂದಾದ ಆಟ; ಆಡದ ತಿಂಗಳು ಚಂದಾ ನಿಲ್ಲಿಸುವುದು, ಮತ್ತೆ ಶುರು ಮಾಡುವುದು ಎಂಬ ಕೆಲಸ ಪ್ರತಿ ಸಲವೂ ಇರುತ್ತದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಆಟೋ ಡೆಬಿಟ್ ನಿಯಮಗಳು ಜಾರಿಗೆ ಬಂದ ಮೇಲೆ ಭಾರತದ ಕಾರ್ಡುಗಳಿಂದ ವಿದೇಶಿ ಸೇವೆಗಳಿಗೆ ತಾನಾಗಿಯೇ ಹಣ ಕಡಿತವಾಗುವುದು ಎಷ್ಟೋ ಕಡೆ ನಿಂತುಹೋಗಿತ್ತು. ಬೆಂಗಳೂರಿನ ಇಬ್ಬರಿಗೂ ಅದರ ಅನುಭವವಾಗಿತ್ತು.

ಫೈನಲ್ ಫ್ಯಾಂಟಸಿ 14ರ ಬಗ್ಗೆ ಎಲ್ಲರಿಗಿಂತ ಹೆಚ್ಚು ಆಸೆ ಇದ್ದದ್ದು ಮೈಸೂರಿನ ಗೆಳತಿಗೆ. 2010ರಲ್ಲಿ ಬಂದು, ಸೋತು, ಮುಚ್ಚಿ, 2013ರಲ್ಲಿ ಹೊಸದಾಗಿ ಕಟ್ಟಿಸಿಕೊಂಡು ಬಂದ ಆಟವಿದು. ಅದನ್ನು ಮರಳಿ ಕಟ್ಟಿದ ನಿರ್ಮಾಪಕ ನಾವೊಕಿ ಯೋಶಿದಾ, ಬೇಕೆನಿಸಿದಾಗ ಬಿಟ್ಟು ಹೋಗಿ ಬೇರೆ ಆಟ ಆಡಿ, ಹೊಸ ಭಾಗ ಬಂದಾಗ ಮರಳಿ ಬನ್ನಿ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಹೇಳಿದವರು. ಒಂದೇ ಪಾತ್ರದಲ್ಲಿ ಎಲ್ಲ ವೃತ್ತಿಗಳನ್ನೂ ಕಲಿಯಬಹುದು, ಮೇಲಿನ ಲೆವೆಲ್‌ನವರು ಕೆಳಗಿನ ಡಂಜನ್‌ಗೆ (ಸಣ್ಣ ತಂಡ ಹೊಕ್ಕು ಗೆಲ್ಲುವ ತಾಣ) ಬಂದರೆ ಅವರ ಲೆವೆಲ್ ತಾನಾಗಿಯೇ ಇಳಿಯುತ್ತದೆ, ಆಗ 60ನೆಯ ಲೆವೆಲ್‌ವರೆಗೆ ಕಾಲಮಿತಿಯಿಲ್ಲದ ಉಚಿತ ಪ್ರಯೋಗವೂ ಇತ್ತು. ಬಿಟ್ಟು ಬಂದವರಿಗೆ ಇಷ್ಟು ಮರ್ಯಾದೆ ಕೊಡುವ ಆಟಗಳು ಕಡಿಮೆ.

ಈವ್ ಆನ್‌ಲೈನ್ 2003ರಿಂದಲೂ ನಡೆದುಬಂದಿದೆ. ಅಲ್ಲಿ ಕೌಶಲಗಳು ಲಾಗಿನ್ ಆಗದಿದ್ದರೂ ಗಡಿಯಾರದ ಲೆಕ್ಕದಲ್ಲಿ ಬೆಳೆಯುತ್ತಿರುತ್ತವೆ. ಆದರೆ ಅದರ ನಿಜವಾದ ಆಟವಿರುವುದು ದೊಡ್ಡ ಒಕ್ಕೂಟಗಳ ಯುದ್ಧ ಮತ್ತು ರಾಜಕೀಯದಲ್ಲಿ, ಗಂಟೆಗಟ್ಟಲೆ ಕಾಯುವ ತಾಳ್ಮೆಯಲ್ಲಿ. ಕೈಗೂಸಿರುವ ಮನೆಯಲ್ಲಿ ಅದು ಆಗದ ಮಾತು.

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನು ನಾನೇ ಸೂಚಿಸಿದೆ. 2007ರ ಆಗಸ್ಟ್‌ನ ಹಳೆಯ ಪ್ರತಿಯನ್ನು ಎತ್ತಿಕೊಂಡು 2013ರಲ್ಲಿ ಮತ್ತೆ ತೆರೆದ ಈ ಆಟದಲ್ಲಿ ದೊಡ್ಡ ಬದಲಾವಣೆಗಳು ಸಾಮಾನ್ಯವಾಗಿ ಆಟಗಾರರ ಮತಕ್ಕೆ ಹೋಗುತ್ತವೆ. ಮೊದಲು ಶೇ 75ರಷ್ಟು ಒಪ್ಪಿಗೆ ಬೇಕಿತ್ತು, ಆಮೇಲೆ ಅದನ್ನು ಶೇ 70ಕ್ಕೆ ಇಳಿಸಿದರು. ಹಾಗಾಗಿ ಗಳಿಸಿದ್ದು ರಾತ್ರೋರಾತ್ರಿ ಬೆಲೆ ಕಳೆದುಕೊಳ್ಳುವ ಭಯ ಕಡಿಮೆ. ಲೋಕ 0.6 ಸೆಕೆಂಡಿಗೊಮ್ಮೆ ಮಾತ್ರ ಹೆಜ್ಜೆಯಿಡುವುದರಿಂದ, ಸಾಧಾರಣ ಆಟಕ್ಕೆ ದೂರದ ಸರ್ವರ್‌ನ ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಅಷ್ಟಾಗಿ ಕಾಡುವುದಿಲ್ಲ. 2018ರಿಂದ ಅದೇ ಪಾತ್ರವನ್ನು ಮೊಬೈಲ್‌ನಲ್ಲೂ ಆಡಬಹುದು. ಆದರೆ ಅದರ ನಿಧಾನ ಎಲ್ಲರಿಗೂ ಹಿಡಿಸುವಂಥದಲ್ಲ. ಒಂದು ಕೌಶಲವನ್ನು 99ಕ್ಕೆ ಒಯ್ಯಲು 1 ಕೋಟಿ 30 ಲಕ್ಷಕ್ಕೂ ಹೆಚ್ಚು ಅಂಕ ಬೇಕು, ಮತ್ತು 92ನೆಯ ಲೆವೆಲ್ ಮುಟ್ಟಿದಾಗ ಆದದ್ದು ಅರ್ಧ ದಾರಿ ಮಾತ್ರ. ಇದನ್ನು ಕೇಳಿ ತೋಟದ ಗೆಳೆಯ ಹಿಗ್ಗಿದರು, ಬೆಂಗಳೂರಿನ ಕಾಳಗಪ್ರಿಯರು ಮುಖ ಸಿಂಡರಿಸಿದರು.

ಉಳಿದದ್ದು ಗಿಲ್ಡ್ ವಾರ್ಸ್ 2. 2012ರ ಆಗಸ್ಟ್‌ನಲ್ಲಿ ಬಂದಾಗ ಅದರ ಗರಿಷ್ಠ ಲೆವೆಲ್ 80. ಅದು ಇಂದಿಗೂ 80. ಅದೇ ವರ್ಷದ ನವೆಂಬರ್‌ನಲ್ಲಿ ಸೇರಿಸಿದ ಅಸೆಂಡೆಡ್ ದರ್ಜೆಯ ಗೇರ್‌ನ ಬಲವನ್ನು ಮೀರಿಸುವ ದರ್ಜೆ ಆಮೇಲೆ ಬಂದಿಲ್ಲ. ತಿಂಗಳ ಚಂದಾ ಇಲ್ಲ; 2015ರಿಂದ ಮೂಲ ಆಟ ಉಚಿತ, ಎಕ್ಸ್‌ಪಾನ್ಷನ್‌ಗಳನ್ನು ಒಮ್ಮೆ ಕೊಂಡರೆ ಆಯಿತು. ಮೇಲಿನ ಲೆವೆಲ್‌ನವರು ಕೆಳಗಿನ ಪ್ರದೇಶಕ್ಕೆ ಬಂದರೆ ಅವರ ಬಲ ಆ ಪ್ರದೇಶಕ್ಕೆ ತಕ್ಕಂತೆ ಇಳಿಯುತ್ತದೆ. ಇಷ್ಟು ಸಾಲದೇ ಎಂದು ಕೇಳುವವರಿಗೆ ಇದರ ದೊಡ್ಡ ಅಪಾಯವನ್ನೂ ಹೇಳಬೇಕು. ಇದನ್ನು ನಿರ್ಮಿಸಿದ ಅರೀನಾನೆಟ್‌ನ ಮಾತೃಸಂಸ್ಥೆ ಎನ್‌ಸಿಸಾಫ್ಟ್. 2012ರ ನವೆಂಬರ್‌ನಲ್ಲಿ ಸಿಟಿ ಆಫ್ ಹೀರೋಸ್ ಅನ್ನು, 2018ರ ನವೆಂಬರ್‌ನಲ್ಲಿ ವೈಲ್ಡ್‌ಸ್ಟಾರ್ ಅನ್ನು ಮುಚ್ಚಿದ್ದು ಇದೇ ಸಂಸ್ಥೆ. ಅದಕ್ಕೆ ಎದುರಾಗಿ, 2005ರಲ್ಲಿ ಬಂದ ಮೊದಲ ಗಿಲ್ಡ್ ವಾರ್ಸ್‌ನ ಸರ್ವರ್‌ಗಳು ಇನ್ನೂ ನಡೆಯುತ್ತಿವೆ ಎಂಬುದೂ ನಿಜ. ಎರಡನ್ನೂ ಗೆಳೆಯರ ಮುಂದಿಟ್ಟೆ.

ಪ್ರಯೋಗ

ಕಾಗದದ ಮೇಲಿನ ತೀರ್ಮಾನವನ್ನು ನಂಬದೆ, ಫೈನಲ್ ಫ್ಯಾಂಟಸಿ, ರೂನ್‌ಸ್ಕೇಪ್ ಮತ್ತು ಗಿಲ್ಡ್ ವಾರ್ಸ್ 2 ಈ ಮೂರನ್ನು ದುಡ್ಡು ಹಾಕದೆ ಆಡಿ ನೋಡುವುದೆಂದು ನಿರ್ಧರಿಸಿದರು. ಒಂದು ಷರತ್ತಿತ್ತು. ಪ್ರತಿ ಆಟದಲ್ಲೂ ಒಬ್ಬರು ಬೇಕೆಂದೇ ಒಂದಷ್ಟು ದಿನ ದೂರವಿರಬೇಕು, ಉಳಿದವರು ತಡೆಯದೆ ಆಡಬೇಕು, ದೂರವಿದ್ದವರು ಮರಳಿದ ರಾತ್ರಿ ಐವರೂ ಸೇರಿ ಏನು ಮಾಡಲು ಸಾಧ್ಯ ಎಂದು ನೋಡಬೇಕು.

ಫೈನಲ್ ಫ್ಯಾಂಟಸಿ ಇಲ್ಲಿ ಎಡವಿತು, ಅದೂ ತನ್ನ ಅತ್ಯುತ್ತಮ ಗುಣದಿಂದಲೇ. ಅದರ ಕಥೆ ನಿಜಕ್ಕೂ ದೊಡ್ಡದು, ಆದರೆ ಪ್ರತಿಯೊಬ್ಬರೂ ಅದನ್ನು ತಾವೇ ಮುಗಿಸಬೇಕು. ಕಥೆಯಲ್ಲಿ ಆ ಘಟ್ಟಕ್ಕೆ ಬರುವವರೆಗೆ ಅಲ್ಲಿನ ಡಂಜನ್ ತೆರೆಯುವುದೇ ಇಲ್ಲ. ಲೆವೆಲ್ ಇಳಿಸುವ ಸೌಲಭ್ಯ ಮುಂದಿದ್ದವರನ್ನು ಹಿಂದಕ್ಕೆ ಕರೆತರುತ್ತದೆಯೇ ಹೊರತು ಹಿಂದಿದ್ದವರನ್ನು ಮುಂದಕ್ಕೆ ಒಯ್ಯುವುದಿಲ್ಲ. ಉಚಿತ ಖಾತೆಯವರು ತಾವಾಗಿ ಪಾರ್ಟಿ (ಒಟ್ಟಿಗೆ ಆಡುವ ತಂಡ) ಕಟ್ಟಲಾರರು ಎಂಬ ನಿರ್ಬಂಧವೂ ಸೇರಿ, ಐವರು ಒಂದೇ ಆಟದಲ್ಲಿದ್ದೂ ಐದು ಬೇರೆ ಬೇರೆ ಅಧ್ಯಾಯಗಳಲ್ಲಿ ಒಂಟಿಯಾಗಿ ಕುಳಿತಿದ್ದರು. ಮೈಸೂರಿನ ಗೆಳತಿ ಅದನ್ನು ತನ್ನ ಪಾಡಿಗೆ ಓದುವ ಕಾದಂಬರಿಯಂತೆ ಈಗಲೂ ಆಗಾಗ ಆಡುತ್ತಾರೆ, ಅದು ಬೇರೆ ವಿಷಯ. ಒಬ್ಬರೇ ಆಡುವವರು ಸಲಹೆ ಕೇಳಿದರೆ ನಾನು ಮೊದಲು ಹೇಳುವ ಹೆಸರು ಇಂದಿಗೂ ಇದೇ.

ಗಿಲ್ಡ್ ವಾರ್ಸ್ 2ರಲ್ಲಿ ಮರಳಿದವರು ಪಾಳಿಯ ಕೆಲಸದ ಗೆಳೆಯ. ಮ್ಯೂನಿಕ್‌ನವರು ಆಗಲೇ 80 ಮುಟ್ಟಿದ್ದರು, ಇವರು ಇನ್ನೂ 20ರ ಹತ್ತಿರ. ಆ ರಾತ್ರಿ ಇವರಿದ್ದ ಕಾಡಿಗೇ ಎಲ್ಲರೂ ಬಂದರು. ಒಬ್ಬರು ಕಡಿದ ಮರವನ್ನು ಇನ್ನೊಬ್ಬರೂ ಕಡಿಯಬಹುದು, ಒಂದೇ ಪ್ರಾಣಿಯನ್ನು ಐವರು ಹೊಡೆದರೆ ಐವರಿಗೂ ಬೇರೆ ಬೇರೆ ಪಾಲು ಸಿಗುತ್ತದೆ, 80ರವರಿಗೆ ಅವರ ಮಟ್ಟಕ್ಕೆ ತಕ್ಕ ಸಾಮಗ್ರಿಯೂ ಬರುತ್ತದೆ. ಮುಂದಿದ್ದವರು ದಾಕ್ಷಿಣ್ಯಕ್ಕೆ ಬಂದು ನಿಂತಂತೆ ಇರಲಿಲ್ಲ, ಅವರಿಗೂ ಅಲ್ಲಿ ಕೆಲಸವಿತ್ತು.

ಇದಾದ ಮೇಲೆ ಗುಂಪು ಶನಿವಾರ ರಾತ್ರಿ ಒಂಬತ್ತೂವರೆಯ ಸಮಯವನ್ನು ಗೊತ್ತುಮಾಡಿಕೊಂಡಿತು. ಈ ಸಮಯವನ್ನು ಸೂಚಿಸಿದ್ದು ಆಟವೇ. ಟೆಕ್ವಾಟಲ್ ಎಂಬ ಡ್ರ್ಯಾಗನ್ ಸ್ಪಾರ್ಕ್‌ಫ್ಲೈ ಫೆನ್‌ನ ಜೌಗು ನೆಲದಲ್ಲಿ ವಿಶ್ವ ಸಮಯ 16:00ಕ್ಕೆ ಏಳುತ್ತದೆ. ಅದು ವರ್ಷವಿಡೀ ನಮ್ಮ ರಾತ್ರಿ 9:30, ಮ್ಯೂನಿಕ್‌ನಲ್ಲಿ ಬೇಸಿಗೆಗೆ ಸಂಜೆ 6, ಚಳಿಗಾಲಕ್ಕೆ 5. ಹದಿನೈದು ನಿಮಿಷದೊಳಗೆ ಕೆಡವಬೇಕು, ಹತ್ತಾರು ಜನ ಅಪರಿಚಿತರು ಬಂದು ಸೇರಿರುತ್ತಾರೆ. ಅಲ್ಲಿ ಆರು ಫಿರಂಗಿ ತೋಪುಗಳಿವೆ. ತೋಪಿನ ಹಿಂದೆ ನಿಂತವರು ಡ್ರ್ಯಾಗನ್‌ನ ಗಟ್ಟಿಯಾಗುವ ಹುರುಪೆಗಳನ್ನು ಹೊಡೆದು ಸಡಿಲಿಸುತ್ತಿರಬೇಕು, ಕೆಳಗಿರುವವರ ಮೇಲಿನ ವಿಷವನ್ನು ತೊಳೆಯುತ್ತಿರಬೇಕು. ತೋಪಿನ ಬಲಕ್ಕೂ ನಡೆಸುವವರ ಗೇರ್‌ಗೂ ಸಂಬಂಧವಿಲ್ಲ. ಎರಡು ತಿಂಗಳು ಆಡದವರೂ ನಿತ್ಯ ಆಡುವವರಷ್ಟೇ ಚೆನ್ನಾಗಿ ಆ ಕೆಲಸ ಮಾಡಬಲ್ಲರು. ಮೈಸೂರಿನ ಗೆಳತಿ ಬಂದ ಶನಿವಾರಗಳಲ್ಲೆಲ್ಲ ತೋಪು ಅವರದೇ ಆಯಿತು. ಮಗು ಮಲಗಿದ ಮೇಲಿನ ಹದಿನೈದು ನಿಮಿಷಕ್ಕೆ ಅದು ಹೇಳಿ ಮಾಡಿಸಿದಂತಿತ್ತು.

ಹತ್ತಿರದ ಸರ್ವರ್ ಇಲ್ಲದ್ದು ತೊಡಕೇ. ಯುರೋಪಿನ ಸರ್ವರ್ ಆರಿಸಿಕೊಂಡಾಗ ಬೆಂಗಳೂರಿನಿಂದ ಪಿಂಗ್ 150 ಮಿಲಿಸೆಕೆಂಡಿನ ಆಚೀಚೆ, ತೋಟದ ಮನೆಯಿಂದ 200ಕ್ಕೂ ಮೇಲೆ ಬರುತ್ತಿತ್ತು. ನೂರು ಜನ ಸೇರಿದ ಜಾಗದಲ್ಲಿ ತೋಟದ ಗೆಳೆಯನ ಹಳೆಯ ಲ್ಯಾಪ್‌ಟಾಪ್ ನಿಂತೇ ಬಿಡುತ್ತಿತ್ತು. ಸೆಟಿಂಗ್ಸ್‌ನಲ್ಲಿ ಸುತ್ತಲಿನ ಪಾತ್ರಗಳ ಸಂಖ್ಯೆ ಮತ್ತು ಗುಣಮಟ್ಟವನ್ನು ಅತಿ ಕೆಳಕ್ಕಿಳಿಸಿದ ಮೇಲೆ ಆಡುವ ಮಟ್ಟಕ್ಕೆ ಬಂತು. ಸಂಪರ್ಕ ಎಲ್ಲಕ್ಕಿಂತ ಕೆಟ್ಟಿರುವವರ ಮನೆಯಲ್ಲಿ ಆಟ ಓಡಿದರೆ ಮಾತ್ರ ದುಡ್ಡು ಹಾಕುವುದೆಂಬ ತೀರ್ಮಾನ ಆಗ ಆದದ್ದು, ಮತ್ತು ಅದು ಸರಿಯಾದ ತೀರ್ಮಾನ.

ಕೊಯ್ಲಿನ ಕಾಲ

ನಿಜವಾದ ಪರೀಕ್ಷೆ ಯಾರೂ ಏರ್ಪಡಿಸದೆ ತಾನಾಗಿಯೇ ನಡೆಯಿತು. ಅಕ್ಟೋಬರ್‌ನಲ್ಲಿ ಕೊನೆಕೊಯ್ಲು ಶುರುವಾಗಿ ತೋಟದ ಗೆಳೆಯ ಮಾಯವಾದರು. ಅಡಿಕೆ ಕಾಯುವ ರಾತ್ರಿಗಳಲ್ಲಿ ಮೊಬೈಲ್‌ನಲ್ಲಿ ರೂನ್‌ಸ್ಕೇಪ್ ತೆರೆದು ಮರ ಕಡಿಯುತ್ತಾ, ಮೀನು ಹಿಡಿಯುತ್ತಾ ಅವರು ಇರುತ್ತಿದ್ದದ್ದು ಉಳಿದವರಿಗೆ ಆಮೇಲೆ ತಿಳಿಯಿತು. ಸಂಕ್ರಾಂತಿ ಕಳೆದು ಗಿಲ್ಡ್ ವಾರ್ಸ್ 2ಕ್ಕೆ ಮರಳಿದಾಗ ಅವರ ಲೆವೆಲ್ 80, ಎಲ್ಲರದೂ 80. ಬಿಟ್ಟು ಹೋದ ಗೇರ್ ಹಾಗೆಯೇ ಲಾಯಕ್ಕಾಗಿತ್ತು. ಆದರೂ ಎಲ್ಲ ಸರಿಯಿತ್ತೆಂದು ಹೇಳಲಾಗದು. ನಡುವೆ ಇಬ್ಬರು ಎಕ್ಸ್‌ಪಾನ್ಷನ್ ಕೊಂಡು ಸವಾರಿಯ ಪ್ರಾಣಿಗಳನ್ನು ಪಡೆದಿದ್ದರು. ಉಚಿತ ಖಾತೆಯಲ್ಲೇ ಇದ್ದ ತೋಟದ ಗೆಳೆಯ ನಡೆದು ಬರುವಷ್ಟರಲ್ಲಿ ಅವರು ಬೆಟ್ಟ ಹತ್ತಿ ಆಚೆ ಇಳಿದಿರುತ್ತಿದ್ದರು. ಲೆವೆಲ್‌ನಲ್ಲಿ ಇಲ್ಲದ ಅಂತರ ವೇಗದಲ್ಲಿ ಹುಟ್ಟಿಕೊಂಡಿತ್ತು. ಆ ವಾರವೇ ಗುಂಪು ಒಂದು ನಿಯಮ ಮಾಡಿಕೊಂಡಿತು: ಎಕ್ಸ್‌ಪಾನ್ಷನ್ ಕೊಂಡರೆ ಎಲ್ಲರೂ ಒಟ್ಟಿಗೆ, ರಿಯಾಯಿತಿ ಬಂದಾಗ, ಇಲ್ಲದಿದ್ದರೆ ಯಾರೂ ಇಲ್ಲ.

ಇನ್ನೊಂದು ಬಿರುಕು ಮ್ಯೂನಿಕ್‌ನಿಂದ ಬಂತು. ವಾರಕ್ಕೊಂದು ರಾತ್ರಿಯ ಡ್ರ್ಯಾಗನ್ ಅವರಿಗೆ ಏನೇನೂ ಸಾಲದು. ಹಿಂದಿನ ಎರಡು ಆಟಗಳಲ್ಲಿ ಇಂಥ ಹೊತ್ತಿಗೆ ಅವರು ದೊಡ್ಡ ಗಿಲ್ಡ್ (ಆಟಗಾರರ ಸಂಘ) ಸೇರಿ ಗೆಳೆಯರ ಗಿಲ್ಡ್ ಬಿಟ್ಟಿದ್ದರು, ಏಕೆಂದರೆ ಒಂದು ಪಾತ್ರಕ್ಕೆ ಒಂದೇ ಗಿಲ್ಡ್. ಇಲ್ಲಿ ಒಂದೇ ಖಾತೆ ಒಂದಕ್ಕಿಂತ ಹೆಚ್ಚು ಗಿಲ್ಡ್‌ಗಳಲ್ಲಿ ಇರಬಹುದು. ಅವರು ಜರ್ಮನಿಯ ಒಂದು ರೇಡ್ ಗಿಲ್ಡ್‌ಗೆ ವಾರದ ದಿನಗಳಲ್ಲಿ ಹೋದರು, ಶನಿವಾರ ಇಲ್ಲಿಗೆ ಬಂದರು. ಆಟ ಆರಿಸುವವರು ಇಂಥ ಸಣ್ಣ ಸೌಲಭ್ಯವನ್ನು ಗಮನಿಸುವುದೇ ಇಲ್ಲ. ಆದರೆ ಐವರ ಗುಂಪಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವವರಿಗೆ ಬೇರೊಂದು ಬಯಲು ಬೇಕೇ ಬೇಕು, ಇಲ್ಲವಾದರೆ ಅವರು ಬೇಸತ್ತು ಹೋಗುತ್ತಾರೆ ಅಥವಾ ಉಳಿದವರನ್ನು ಎಳೆದು ಸುಸ್ತು ಮಾಡುತ್ತಾರೆ.

ಏನಾಯಿತು, ಏನು ತಿಳಿಯಿತು

ಐವರಲ್ಲಿ ನಾಲ್ವರು ಉಳಿದರು. ಬೆಂಗಳೂರಿನ ಕಾಳಗಪ್ರಿಯ ಗೆಳೆಯನಿಗೆ ಡ್ರ್ಯಾಗನ್ ಎಂದೂ ಎದುರಾಳಿಯಾಗಿ ಕಾಣಲಿಲ್ಲ. ಮನುಷ್ಯರೊಡನೆ ಹೊಡೆದಾಡುವ ಪಂದ್ಯಗಳು ಇಲ್ಲೂ ಇದ್ದರೂ ಆ ಪಿಂಗ್‌ನಲ್ಲಿ ಸೋಲು ತನ್ನದೋ ತಂತಿಯದೋ ತಿಳಿಯುವುದಿಲ್ಲ ಎಂಬುದು ಅವರ ದೂರು. 2023ರ ಮಾರ್ಚ್‌ನಲ್ಲಿ ಆಟಗಾರರೇ ಪರಸ್ಪರ ಕಾದಾಡುವ ಆಲ್ಬಿಯನ್ ಆನ್‌ಲೈನ್ ಎಂಬ ಆಟದವರು ಏಷ್ಯಾಕ್ಕೆಂದು ಸಿಂಗಪುರದಲ್ಲಿ ಸರ್ವರ್ ತೆರೆದಾಗ ಅವರು ಅಲ್ಲಿಗೆ ಹೋದರು. ಇದನ್ನು ಆಯ್ಕೆಯ ಸೋಲೆಂದು ನಾನು ಬರೆಯಲಾರೆ. ಎಂಎಂಒಗಳ ಪೂರ್ವಜವಾದ, ಬರಹದ ಮೂಲಕವೇ ಆಡುವ ಮಡ್ (MUD) ಆಟಗಳ ಆಟಗಾರರಲ್ಲಿ ಸಾಧಿಸುವವರು, ಅಲೆಯುವವರು, ಬೆರೆಯುವವರು, ಕೆಡವುವವರು ಎಂಬ ನಾಲ್ಕು ಬಗೆಯನ್ನು ಆಟಗಳ ವಿನ್ಯಾಸಕ ರಿಚರ್ಡ್ ಬಾರ್ಟಲ್ 1996ರಲ್ಲೇ ಗುರುತಿಸಿದ್ದರು. ಮೊದಲ ಮೂರು ಬಗೆಯವರು ಒಂದೇ ಲೋಕದಲ್ಲಿ ಹೇಗಾದರೂ ಹೊಂದಿಕೊಳ್ಳುತ್ತಾರೆ. ನಾಲ್ಕನೆಯವರಿಗೆ ಬೇಕಾದದ್ದನ್ನು ಕೊಡಲು ಹೊರಟರೆ, ಅಪರೂಪಕ್ಕೆ ಬರುವವರು ಬೇಟೆಯಾಗುತ್ತಾರೆ. ಗುಂಪು ಈ ವಿಷಯವನ್ನು ಮೊದಲ ದಿನವೇ ಬಾಯಿಬಿಟ್ಟು ಮಾತಾಡಿಕೊಂಡಿದ್ದರೆ ಆ ಗೆಳೆಯ ಅಷ್ಟು ತಿಂಗಳು ಹಲ್ಲುಕಚ್ಚಿ ಕೂರುವುದು ತಪ್ಪುತ್ತಿತ್ತು.

ಆಟದ ಬಗ್ಗೆಯೂ ಒಂದು ತಕರಾರು ದಾಖಲಾಗಬೇಕು. ಗಿಲ್ಡ್ ವಾರ್ಸ್ 2ರಲ್ಲಿ ಹಿಂದಿನ ವರ್ಷಗಳ ಕಥಾಕಂತುಗಳು, ಅವು ಬಿಡುಗಡೆಯಾದ ಕಾಲದಲ್ಲಿ ಲಾಗಿನ್ ಆದವರಿಗೆ ಉಚಿತವಾಗಿ ದಕ್ಕುತ್ತಿದ್ದವು, ಆಮೇಲೆ ಬಂದವರು ಕೊಳ್ಳಬೇಕಿತ್ತು. ಗೇರ್‌ನ ವಿಷಯದಲ್ಲಿ ಅಷ್ಟು ಉದಾರವಾದ ಆಟ ಕಥೆಯ ವಿಷಯದಲ್ಲಿ ಗೈರುಹಾಜರಿಗೆ ದಂಡ ಹಾಕುತ್ತಿತ್ತು. 2023ರ ಆಗಸ್ಟ್‌ನ ಸೀಕ್ರೆಟ್ಸ್ ಆಫ್ ದಿ ಅಬ್ಸ್‌ಕ್ಯೂರ್ ಎಂಬ ಎಕ್ಸ್‌ಪಾನ್ಷನ್‌ನಿಂದ ಈಚೆಗೆ ಆಮೇಲಿನ ಕಂತುಗಳೂ ಎಕ್ಸ್‌ಪಾನ್ಷನ್‌ನ ಬೆಲೆಯಲ್ಲೇ ಸೇರಿರುವುದು ಈ ಗುಂಪಿನಂಥವರಿಗೆ ಒಳ್ಳೆಯದಾಯಿತು. ನಿಧಾನ ಆಡುವವರು ಈಗ ಕ್ಯಾಲೆಂಡರ್ ನೋಡಿಕೊಂಡು ಲಾಗಿನ್ ಆಗಬೇಕಿಲ್ಲ.

ಇದೇ ಆಟ ಎಲ್ಲರಿಗೂ ಸರಿ ಎಂದು ಈ ಪ್ರಕರಣದಿಂದ ತೀರ್ಮಾನಿಸಬಾರದು. ವಾರಕ್ಕೆ ಮೂರು ರಾತ್ರಿ ತಪ್ಪದೆ ಸೇರಬಲ್ಲ ಗುಂಪಿಗೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಸೀಸನ್‌ಗಳು ಕೊಡುವ ಹುರುಪನ್ನು ಇದು ಕೊಡಲಾರದು. ಏಣಿಯೇ ಇಲ್ಲದ ಆಟದಲ್ಲಿ ಏರುವ ಸುಖವೂ ಕಡಿಮೆ, ಮ್ಯೂನಿಕ್‌ನ ಗೆಳೆಯ ಇದನ್ನು ಈಗಲೂ ಹೇಳುತ್ತಾರೆ. ಬೇರೆ ಗುಂಪುಗಳು ಇಲ್ಲಿಂದ ತೆಗೆದುಕೊಳ್ಳಬಹುದಾದದ್ದು ಆಟದ ಹೆಸರನ್ನಲ್ಲ, ಪರೀಕ್ಷಿಸಿದ ರೀತಿಯನ್ನು: ಗುಂಪಿನಲ್ಲಿ ಬಿಡುವು ಎಲ್ಲರಿಗಿಂತ ಕಡಿಮೆ ಇರುವವರು ಮತ್ತು ಸಂಪರ್ಕ ಎಲ್ಲರಿಗಿಂತ ಕೆಟ್ಟಿರುವವರು ಮೊದಲು ಆಡಿ ನೋಡಬೇಕು, ದುಡ್ಡು ಹಾಕುವ ಮುಂಚೆ ಒಮ್ಮೆ ಬಿಟ್ಟು ಬಂದು ನೋಡಬೇಕು.

ಸದ್ಯಕ್ಕೆ ನಾಲ್ವರ ಶನಿವಾರ ಮುಂದುವರಿದಿದೆ. ಕೊಯ್ಲಿನ ತಿಂಗಳುಗಳಲ್ಲಿ ಅದು ಮೂವರದಾಗುತ್ತದೆ, ಒಮ್ಮೊಮ್ಮೆ ಇಬ್ಬರದು. ತಿಂಗಳಿಗೊಂದು ದಿನ ಬಿಡುವಿರುವವರು ಆಲ್ಬಿಯನ್‌ನ ಸಿಂಗಪುರ ಸರ್ವರ್‌ಗೆ ಹೋಗಿ ಐದನೆಯ ಗೆಳೆಯನ ಜೊತೆ ಆಡುತ್ತಾರೆ. ಅಲ್ಲಿನ ಅಪಾಯದ ವಲಯಗಳಲ್ಲಿ ಸತ್ತರೆ ಮೈಮೇಲಿನ ಸಾಮಗ್ರಿಯೆಲ್ಲ ಹೋಗುವುದರಿಂದ, ಅತಿಥಿಗಳು ಕಳೆದುಕೊಂಡರೂ ಅಡ್ಡಿಯಿಲ್ಲದಷ್ಟು ಅಗ್ಗದ ಗೇರ್ ತೊಟ್ಟೇ ಬರಬೇಕು, ಅದನ್ನು ಅಲ್ಲಿರುವ ಐದನೆಯ ಗೆಳೆಯನೇ ಒದಗಿಸಬೇಕು ಎಂದು ಐವರೂ ಕೂತು ಮಾತಾಡಿ ಗೊತ್ತುಮಾಡಿಕೊಂಡಿದ್ದಾರೆ.